ಆಕಾಶ ನೋಡಲು ನೂಕುನುಗ್ಗಲು

‘ಆಕಾಶ ನೋಡೋಕೆ ನೂಕುನುಗ್ಗಲೇ?’ ಎಂದು ಗಾದೆ ಕಟ್ಟಿದ ಪುಣ್ಯಾತ್ಮರು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿಗೆ ಹೋದವರಲ್ಲ. ಅಲ್ಲಿ ಆಕಾಶ ನೋಡಲು ಟಿಕೆಟ್ಟಿದೆ, ಸರತಿ ಸಾಲಿದೆ, ಮೊಣಕೈ ತಿವಿತವೂ ಇದೆ. ಕ್ಲೋದ್ ಮೋನೆ 1873ರಲ್ಲಿ ಬರೆದ ಕೆಂಪು ಹೂಗಳ ಹೊಲದ ಚಿತ್ರದೆದುರು ನಿಂತು ಬಂದೆ ಎಂದು ನಾನೂ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ನಿಜವಾಗಿ ನಿಂತದ್ದು ಒಬ್ಬ ಆರಡಿ ಮನುಷ್ಯನ ಬೆನ್ನಿನೆದುರು. ಆತ ತಲೆಯ ಮೇಲೆತ್ತಿ ಹಿಡಿದಿದ್ದ ಮೊಬೈಲಿನ ಪರದೆಯಲ್ಲಿ ಮೋನೆಯ ಮೋಡಗಳು ಎರಡಂಗುಲ ಅಗಲಕ್ಕೆ ಕಂಡವು. ಚೆನ್ನಾಗಿಯೇ ಇದ್ದವು.

ಮ್ಯೂಸಿಯಮ್ಮುಗಳಲ್ಲಿ ನನ್ನ ಕಲಾಭಿರುಚಿಯನ್ನು ನಿರ್ಧರಿಸುವುದು ಕಣ್ಣಲ್ಲ, ಮಂಡಿ. ಎಲ್ಲಿ ಕೂರಲು ಜಾಗವಿದೆಯೋ ಅಲ್ಲಿನ ಚಿತ್ರಕಾರನೇ ಆ ಹೊತ್ತಿಗೆ ನನ್ನ ಮೆಚ್ಚಿನವನು. ಹಾಗೆ ನನಗೆ ಒಲಿದವನು ಯೂಜೆನ್ ಬೂದಾಂ. ಅವನ ಮುಂದೆ ಜನವಿರಲಿಲ್ಲ. ಇದ್ದವಳು ಒಬ್ಬಳೇ, ಕಾವಲಿನವಳು. ಅವಳೂ ಬೇರೆ ಕಡೆ ನೋಡುತ್ತಿದ್ದಳು.

ಗೋಡೆಯ ಮೇಲೆ ಒಂದಡಿ ಎತ್ತರವೂ ಇಲ್ಲದ ಪುಟ್ಟ ಚಿತ್ರ. ತ್ರೂವಿಲ್ ಎಂಬ ಊರಿನ ಕಡಲತೀರ, 1864. ಕೆಳಗಿನ ಅಂಚಿಗೆ ಅಂಟಿಕೊಂಡಂತೆ ಉಬ್ಬಿದ ಲಂಗದ ಹೆಂಗಸರು, ಟೊಪ್ಪಿಯ ಗಂಡಸರು. ಯಾರ ಮುಖಕ್ಕೂ ಕಣ್ಣು ಮೂಗಿನ ಗೊಡವೆ ಇಲ್ಲ. ಮೇಲಿನದೆಲ್ಲ ಆಕಾಶ. ನಮ್ಮ ಶಾಲೆಯ ಡ್ರಾಯಿಂಗ್ ಕ್ಲಾಸಿನಲ್ಲಿ ಆಕಾಶವೆಂದರೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನಮರ ಎಲ್ಲ ಬರೆದಾದ ಮೇಲೆ ಮಿಕ್ಕ ಜಾಗ. ನೀಲಿ ಕ್ರೆಯಾನು ತುಂಡಾಗುವವರೆಗೆ ಉಜ್ಜಿದರೆ ಆಕಾಶ ಸಿದ್ಧ. ಇಲ್ಲಿ ಎಲ್ಲ ತಿರುಗುಮುರುಗು. ಆಕಾಶ ಬರೆದಾದ ಮೇಲೆ ಮಿಕ್ಕ ಜಾಗದಲ್ಲಿ ಜನ.

ಬೂದಾಂ ಹುಟ್ಟಿದ್ದು 1824ರ ಜುಲೈ 12ರಂದು, ನಾರ್ಮಂಡಿಯ ಓಂಫ್ಲೋರ್‌ನಲ್ಲಿ. ಸೇನ್ ನದಿ ಕಡಲು ಸೇರುವ ಅಳಿವೆಯ ದಡದ ಊರು. ಅಪ್ಪ ನಾವಿಕ, ಮಗನೂ ಎಳೆಯ ವಯಸ್ಸಿನಲ್ಲೇ ದೋಣಿಯ ಚಾಕರಿಗೆ ಸೇರಿದ. ಹಾಯಿ ಕಟ್ಟುವವರ ಮನೆಯಲ್ಲಿ ಮೋಡ ನೋಡುವುದು ರಸಿಕತೆಯಲ್ಲ, ಹೊಟ್ಟೆಪಾಡು. ಆಮೇಲೆ ಸಂಸಾರ ಎದುರು ದಡದ ಲೆ ಹಾವ್ರ್‌ಗೆ ಬಂತು. ಅಲ್ಲಿ 1844ರಲ್ಲಿ ಒಬ್ಬ ಪಾಲುದಾರನ ಜೊತೆ ಸೇರಿ ಕಾಗದ, ಪೆನ್ಸಿಲು, ಚಿತ್ರದ ಚೌಕಟ್ಟು ಮಾರುವ ಅಂಗಡಿ ತೆರೆದ. ಆ ಕಡೆ ಬಂದ ಚಿತ್ರಕಾರರು ಚೌಕಟ್ಟು ಹಾಕಿಸಲು ಬರುತ್ತಿದ್ದರು, ಹಾಗೆಯೇ ಒಂದೆರಡು ಚಿತ್ರ ಮಾರಾಟಕ್ಕೂ ಬಿಟ್ಟು ಹೋಗುತ್ತಿದ್ದರು. ಮಿಲೆ, ತ್ರೊಯೋಂ ಅವರೆಲ್ಲ ಹೀಗೆ ಬಂದವರೇ. ಹುಡುಗ ಮೊದಲು ಚೌಕಟ್ಟು ನೋಡಿದ, ಆಮೇಲೆ ಅದರೊಳಗೆ ಏನಿದೆ ಎಂದು ನೋಡಿದ. ಅಲ್ಲಿಗೆ ಅಂಗಡಿಯ ಕಥೆ ಮುಗಿಯಿತು. ಈ ದಾರಿ ಹಿಡಿದರೆ ಉಪವಾಸವೇ ಗತಿ ಎಂದು ಮಿಲೆ ಎಚ್ಚರಿಸಿದನಂತೆ. ಆ ವಿಷಯದಲ್ಲಿ ಮಿಲೆಗಿಂತ ದೊಡ್ಡ ತಜ್ಞರು ಆಗ ಹೆಚ್ಚು ಮಂದಿ ಇರಲಿಲ್ಲ. ಬೂದಾಂ ಕೇಳಲಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ವ್ಯಾಪಾರ ಬಿಟ್ಟು ಕುಂಚ ಹಿಡಿದ.

ಊರಿನವರು ಒಳ್ಳೆಯವರು. ಪ್ಯಾರಿಸ್ಸಿನಲ್ಲಿ ಕಲಿತು ಬರಲಿ ಎಂದು ನಗರಸಭೆಯ ವತಿಯಿಂದ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಅವರು ಏನು ನಿರೀಕ್ಷಿಸಿದ್ದರೋ! ಆ ಕಾಲಕ್ಕೆ ದೊಡ್ಡ ಚಿತ್ರ ಎಂದರೆ ರೋಮಿನ ಸೇನಾಪತಿ, ಗ್ರೀಕ್ ದೇವತೆ, ಕುದುರೆ, ರಕ್ತ. ಇವನು ಲೂವ್ರ್‌ನಲ್ಲಿ ಹಳೆಯ ಡಚ್ಚರ ಚಿತ್ರಗಳನ್ನು ನಕಲು ಮಾಡಿಕೊಂಡು, ಮತ್ತೆ ಊರಿನ ದಿಕ್ಕಿಗೆ ಮುಖ ಮಾಡಿ, ದೋಣಿ, ಹಸು, ಮೋಡ ಎಂದು ಕೂತ. ಹಿತ್ತಲ ಗಿಡ ಮದ್ದಲ್ಲ. ಹಿತ್ತಲಿನ ಮೋಡವಂತೂ ಯಾವ ರೋಗಕ್ಕೂ ಅಲ್ಲ.

ಆಕಾಶ ಬರೆಯುವುದರಲ್ಲಿ ಅವನ ಕೈ ಎಷ್ಟು ಪಳಗಿತ್ತೆಂದರೆ, 1860ರ ಹೊತ್ತಿನ ಹಣದ ಅಡಚಣೆಯಲ್ಲಿ ಅದೇ ಅವನಿಗೆ ಕೂಲಿ ಕೆಲಸವೂ ಆಯಿತು. ಹಸುಗಳ ಚಿತ್ರಕ್ಕೆ ಹೆಸರಾಗಿದ್ದ ತ್ರೊಯೋಂಗೆ ಕೈತುಂಬ ಬೇಡಿಕೆ. ಹಸು ತಾನು ಬರೆದು, ಆಕಾಶ ತುಂಬಲು ಬೂದಾಂನನ್ನು ಕರೆಸಿಕೊಂಡ. ಹಸು ತ್ರೊಯೋಂ, ಆಕಾಶ ಬೂದಾಂ, ಸಹಿ ತ್ರೊಯೋಂ, ದುಡ್ಡೂ ಬಹುಪಾಲು ತ್ರೊಯೋಂ. ಹಾಗಾಗಿ ತ್ರೊಯೋಂನ ಆ ವರ್ಷಗಳ ಚಿತ್ರ ಎಲ್ಲಾದರೂ ಕಂಡರೆ ನಾನೀಗ ಹಸುವನ್ನು ನೋಡುವುದಿಲ್ಲ. ಹಸು ಬೇಜಾರು ಮಾಡಿಕೊಳ್ಳುವ ಪ್ರಾಣಿಯಲ್ಲ.

ಇದಕ್ಕೆ ಸ್ವಲ್ಪ ಮೊದಲು, 1850ರ ದಶಕದ ಕೊನೆಯಲ್ಲಿ ನಡೆದದ್ದು ಕಥೆಯ ತಿರುಳು. ಲೆ ಹಾವ್ರ್‌ನಲ್ಲಿ ಒಬ್ಬ ಹದಿಹರೆಯದ ಹುಡುಗ ಇದ್ದ. ಪುಸ್ತಕದ ಅಂಚಿನಲ್ಲಿ ಮೇಷ್ಟರ ಮೂಗು ಉದ್ದ ಮಾಡುವುದರಿಂದ ಶುರುಮಾಡಿ, ಊರ ಗಣ್ಯರ ವ್ಯಂಗ್ಯಚಿತ್ರ ಬರೆದು ಮಾರುವ ಮಟ್ಟಕ್ಕೆ ಬೆಳೆದಿದ್ದ. ತಲೆಗೆ ಹತ್ತು, ಇಪ್ಪತ್ತು ಫ್ರಾಂಕ್. ಚಿತ್ರದ ಕೆಳಗೆ ‘ಓ. ಮೋನೆ’ ಎಂದು ಸಹಿ. ಓ ಎಂದರೆ ಆಸ್ಕರ್, ಕ್ಲೋದ್ ಎಂಬ ಇನ್ನೊಂದು ಹೆಸರು ಆಮೇಲೆ ಮುಂದಕ್ಕೆ ಬಂತು. ಚೌಕಟ್ಟಿನ ಅಂಗಡಿಯೊಂದರ ಗಾಜಿನ ಕಿಟಕಿಯಲ್ಲಿ ಇವು ತೂಗುತ್ತಿದ್ದವು. ಜನ ಗುಂಪುಗೂಡಿ, ಇದು ಇಂಥವರ ಮೂಗು, ಅದು ಅಂಥವರ ಹೊಟ್ಟೆ ಎಂದು ಗುರುತಿಸಿ ನಗುವಾಗ, ಕಲಾವಿದ ಅಲ್ಲೇ ಪಕ್ಕದಲ್ಲಿ ಹೆಮ್ಮೆಯಿಂದ ಬಿರಿಯುತ್ತ ನಿಂತಿರುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಕಿರಿಕಿರಿ. ಅದೇ ಕಿಟಕಿಯಲ್ಲಿ ತನ್ನ ಚಿತ್ರಗಳ ಮೇಲುಗಡೆ ಬೂದಾಂ ಎಂಬ ಯಾರೋ ಒಬ್ಬನ ಕಡಲ ಚಿತ್ರಗಳು. ನೋಡಿದರೆ ಮೈ ಉರಿಯುತ್ತಿತ್ತು. ಇಂಥ ದರಿದ್ರ ಚಿತ್ರಗಳ ಪಕ್ಕ ತನ್ನವನ್ನು ಯಾಕೆ ತೂಗುಹಾಕಿದ್ದಾರೆ ಎಂದು ಕೋಪ. ಅಂಗಡಿಯವನು, ಆ ಮನುಷ್ಯನನ್ನು ಒಮ್ಮೆ ಮಾತಾಡಿಸು, ನಿನಗೆ ಒಳ್ಳೆಯದಾದೀತು ಎಂದು ಎಷ್ಟು ಹೇಳಿದರೂ ಹುಡುಗ ಜಾರಿಕೊಳ್ಳುತ್ತಿದ್ದ. ಇದನ್ನೆಲ್ಲ ಅರವತ್ತರ ಹೊಸ್ತಿಲಲ್ಲಿ, 1900ರಲ್ಲಿ, ಮೋನೆಯೇ ಒಂದು ಪತ್ರಿಕೆಗೆ ಹೇಳಿಕೊಂಡಿದ್ದಾನೆ. ಅರವತ್ತರಲ್ಲಿ ಹದಿನೇಳರ ಅಹಂಕಾರವನ್ನು ನೆನೆಯುವುದೂ ಒಂದು ಸುಖ.

ಕೊನೆಗೊಂದು ದಿನ ಅಂಗಡಿಯಲ್ಲೇ ಸಿಕ್ಕಿಬಿದ್ದ. ಬೂದಾಂ ಬೈಯಲಿಲ್ಲ. ಚಿತ್ರಗಳು ಚುರುಕಾಗಿವೆ, ಆದರೆ ಇಷ್ಟಕ್ಕೇ ನಿಲ್ಲಬೇಡ, ಹೊರಗೆ ಹೋಗಿ ನೋಡುವುದನ್ನು ಕಲಿ ಎಂಬರ್ಥದ ಮಾತು ಹೇಳಿದ. ಜೊತೆಗೆ ಬಾ ಎಂದ. ಹುಡುಗ ನಯವಾಗಿ ನೆಪ ಹೇಳಿದ. ಮತ್ತೆ ಕರೆದ, ಮತ್ತೆ ನೆಪ. ಬೇಸಿಗೆ ಬಂತು, ನೆಪದ ದಾಸ್ತಾನು ಮುಗಿಯಿತು. ಬೂದಾಂನ ಮೊಂಡುತನ ಬೇರೆಯವರ ಮೇಲೆ ನಡೆದದ್ದು ಬಹುಶಃ ಅದೊಂದೇ ಸಲ.

ಇದನ್ನು ಹೆತ್ತವರ ಕಣ್ಣಿನಿಂದ ಒಮ್ಮೆ ನೋಡಬೇಕು. ಮನೆಯ ಹುಡುಗ ಮೀಸೆ ಮೂಡುವ ಮೊದಲೇ ಕೈತುಂಬ ಸಂಪಾದಿಸುತ್ತಿದ್ದಾನೆ. ಅವನಿಗಿಂತ ಹದಿನಾರು ವರ್ಷ ದೊಡ್ಡವನಾದ, ಇದ್ದ ಅಂಗಡಿಯನ್ನೂ ಬಿಟ್ಟ, ಜೇಬು ತೂತಾದ ಮನುಷ್ಯನೊಬ್ಬ ಬಂದು, ಇದೆಲ್ಲ ಬಿಡು, ಹೊಲದ ಕಡೆ ಹೋಗಿ ಮೋಡ ಬರೆಯೋಣ ಎಂದು ಪುಸಲಾಯಿಸುತ್ತಾನೆ. ನಮ್ಮ ಕಡೆಯಾಗಿದ್ದರೆ ಮೊದಲು ಯಂತ್ರ ಕಟ್ಟಿಸುತ್ತಿದ್ದರು, ಆಮೇಲೆ ಪೊಲೀಸರಿಗೆ ಹೇಳುತ್ತಿದ್ದರು.

ಹೋದದ್ದು ಊರಾಚೆಯ ರುಯೆಲ್ ಎಂಬಲ್ಲಿಗೆ. ಬೂದಾಂ ಈಸಲ್ ನಿಲ್ಲಿಸಿ ಬರೆಯತೊಡಗಿದ. ಹುಡುಗ ಮೊದಲು ಅನುಮಾನದಿಂದ ನೋಡಿದ, ಆಮೇಲೆ ಕುತೂಹಲದಿಂದ, ಆಮೇಲೆ ಮಾತು ನಿಲ್ಲಿಸಿ. ಕಣ್ಣಿನ ಮುಂದಿನ ತೆರೆಯೊಂದು ಹರಿದಂತಾಯಿತು ಎಂಬರ್ಥದಲ್ಲಿ ಆ ಕ್ಷಣವನ್ನು ಮೋನೆ ವಿವರಿಸಿದ್ದಾನೆ. ಆ ಬೇಸಿಗೆಯಲ್ಲಿ ರುಯೆಲ್‌ನ ಹೊಳೆ, ಮರ, ತಿಳಿ ಆಕಾಶ ಬರೆದ ಅವನ ಚಿತ್ರ ಈಗಲೂ ಇದೆ. ಮೋನೆಯ ತೈಲಚಿತ್ರಗಳಲ್ಲಿ ನಮಗೆ ತಿಳಿದಿರುವ ಮೊದಲನೆಯದು ಅದು, 1858ರದು. ತಾನು ಚಿತ್ರಕಾರನಾದದ್ದು ಬೂದಾಂನಿಂದ ಎಂದು ಅವನು ಸಾಯುವ ತನಕ ಹೇಳುತ್ತಲೇ ಇದ್ದ. ಶಿಷ್ಯ ಇಷ್ಟು ಸಾರಿ ಸಾರಿ ಹೇಳಿದರೂ ಕೇಳಿಸಿಕೊಳ್ಳದವರು ನಾವು.

ಬಯಲಲ್ಲಿ ನಿಂತು ಬರೆಯುವುದು ಇವತ್ತು ದೊಡ್ಡ ವಿಷಯವೆನಿಸುವುದಿಲ್ಲ. ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದ ಕಾಲ ಆಗಷ್ಟೇ ಮುಗಿದಿತ್ತು. ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ 1841ರಲ್ಲಿ ತವರದ ಬಣ್ಣದ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ ಬಣ್ಣ ಜೇಬಿನಲ್ಲಿ ಹೋಗುವಂತಾಯಿತು. ಆದರೂ ದೊಡ್ಡವರೆಲ್ಲ ಹೊರಗೆ ಒಂದು ಕರಡು ಮಾಡಿಕೊಂಡು, ಒಳಗೆ ಬಂದು, ಬಾಗಿಲು ಹಾಕಿ, ಅಸಲು ಚಿತ್ರ ಬರೆಯುತ್ತಿದ್ದರು. ಬೂದಾಂ ಹೇಳಿದ್ದು, ಕರಡಿನಲ್ಲಿರುವ ಜೀವ ಅಸಲಿನಲ್ಲಿ ಇರುವುದಿಲ್ಲ ಎಂದು. ಸ್ಥಳದಲ್ಲೇ ಎಳೆದ ಮೂರು ಗೆರೆಗೆ ಮನೆಯಲ್ಲಿ ಕೂತು ಮಾಡಿದ ಎರಡು ದಿನದ ಕೆಲಸ ಸಮವಲ್ಲ ಎಂಬುದು ಅವನ ಹಠ.

ನನಗೆ ತೀರಾ ಇಷ್ಟವಾದದ್ದು ಅವನ ಇನ್ನೊಂದು ಅಭ್ಯಾಸ. ಪ್ಯಾಸ್ಟೆಲ್ ಬಣ್ಣದಲ್ಲಿ ಅವನು ರಾಶಿ ರಾಶಿ ಆಕಾಶದ ಅಭ್ಯಾಸಚಿತ್ರ ಬರೆದ. ಬರೀ ಆಕಾಶ, ಬರೀ ಮೋಡ. ಪ್ರತಿಯೊಂದರ ಅಂಚಿನಲ್ಲೂ ಟಿಪ್ಪಣಿ: ಇಂಥ ತಿಂಗಳು, ಇಂಥ ತಾರೀಖು, ಇಷ್ಟು ಹೊತ್ತು, ಗಾಳಿ ಇಂಥ ದಿಕ್ಕಿನದು. 1859ರಲ್ಲಿ ಬೋದಿಲೇರ್ ಓಂಫ್ಲೋರ್‌ಗೆ ಬಂದಿದ್ದ. ಲಂಕೇಶರ ‘ಪಾಪದ ಹೂಗಳು’ ಮೂಲಕ ಕನ್ನಡಕ್ಕೆ ಬಂದ ಅದೇ ಬೋದಿಲೇರ್. ಆಗಷ್ಟೇ ಆ ಕವಿತೆಗಳಿಗಾಗಿ ಕೋರ್ಟಿನಲ್ಲಿ ದಂಡ ಕಟ್ಟಿ ಬಂದವನು. ಬೂದಾಂನ ಕೋಣೆಯಲ್ಲಿ ಈ ಹಾಳೆಗಳನ್ನು ನೋಡಿ, ಆ ವರ್ಷದ ಸಲೋನ್ ಎಂಬ ಅಧಿಕೃತ ಪ್ರದರ್ಶನದ ಬಗ್ಗೆ ಬರೆಯುವಾಗ ಅವುಗಳಿಗೂ ಜಾಗ ಕೊಟ್ಟ. ಅಂಚಿನ ಬರಹವನ್ನು ಕೈಯಿಂದ ಮುಚ್ಚಿದರೂ ಋತು ಯಾವುದು, ಗಂಟೆ ಎಷ್ಟು, ಗಾಳಿ ಎತ್ತಲಿಂದ ಎಂದು ಹೇಳಿಬಿಡಬಹುದು ಎಂಬುದು ಅವನ ಮೆಚ್ಚುಗೆಯ ಸಾರ. ನಗರದ ಗಲ್ಲಿಗಳ ಕವಿಯನ್ನು ಹಳ್ಳಿಯ ಮೋಡ ಅಷ್ಟು ಹೊತ್ತು ನಿಲ್ಲಿಸಿತ್ತು. ಹಿರಿಯ ಚಿತ್ರಕಾರ ಕೋರೊ ಇವನನ್ನು ಆಕಾಶಗಳ ರಾಜ ಎಂದು ಕರೆದನಂತೆ. ರಾಜನಿಗೆ ಆಗ ಕೋಣೆಯ ಬಾಡಿಗೆಯ ಚಿಂತೆ.

ನಮ್ಮಜ್ಜಿಗೂ ಈ ವಿದ್ಯೆ ಗೊತ್ತಿತ್ತು. ಮಾಳಿಗೆಯ ಮೇಲೆ ಹಪ್ಪಳ ಹರವಿ, ಸೆರಗನ್ನು ಹಣೆಗೆ ಅಡ್ಡ ಹಿಡಿದು ಒಮ್ಮೆ ಮೇಲೆ ನೋಡುವಳು. ಮೂರು ಗಂಟೆಗೆ ಬರುತ್ತೆ, ಎರಡೂವರೆಗೆ ಎತ್ತಿಬಿಡಿ ಎನ್ನುವಳು. ಗಡಿಯಾರ ನೋಡಲು ಅವಳಿಗೆ ಬರುತ್ತಿರಲಿಲ್ಲ. ಮಳೆ ಮಾತ್ರ ಅವಳ ಗಂಟೆಗೇ ಬರುತ್ತಿತ್ತು. ಈಗ ಮಳೆಯ ಸುದ್ದಿ ಫೋನಿಗೆ ಬರುತ್ತದೆ. ಫೋನು ನೋಡಲು ತಲೆ ತಗ್ಗಿಸಬೇಕು. ಆಕಾಶದ ಸಮಾಚಾರ ತಿಳಿಯಲು ತಲೆ ತಗ್ಗಿಸುವ ಮೊದಲ ತಲೆಮಾರು ನಮ್ಮದೇ ಇರಬೇಕು. ಹಪ್ಪಳ ಅಂಗಡಿಯಿಂದ ಬರುತ್ತದೆ, ಅದು ಬೇರೆ ಮಾತು.

ತ್ರೂವಿಲ್‌ನ ಚಿತ್ರಗಳು ಶುರುವಾದದ್ದು 1862ರ ಹೊತ್ತಿಗೆ. ಉಪ್ಪುಗಾಳಿ ಆರೋಗ್ಯಕ್ಕೆ ಒಳ್ಳೆಯದು ಎಂದು ಪ್ಯಾರಿಸ್ಸಿನ ಡಾಕ್ಟರುಗಳು ಹೇಳತೊಡಗಿದ್ದರು, ರೈಲು ಬಂತು, ಶ್ರೀಮಂತರು ಬಂದರು. ಮನೆಯ ಹಜಾರದಲ್ಲಿ ಕೂರುವಾಗಿನ ಬಟ್ಟೆಬರೆ, ಕುರ್ಚಿ, ನಾಯಿ ಸಮೇತ ಮರಳಿನ ಮೇಲೆ ಬಂದು ಕೂತರು. ಸಾಮ್ರಾಟನ ಹೆಂಡತಿ ಯೂಜೆನಿಯೂ ಬಂದಳು, ಅವಳನ್ನೂ ಬೂದಾಂ 1863ರಲ್ಲಿ ಬರೆದ; ಹುಡುಕಿದರೆ ಗುಂಪಿನಲ್ಲಿ ಸಿಗುತ್ತಾಳೆ. ಇಂಥ ಚಿತ್ರಗಳು ಒಂದಷ್ಟು ಮಾರಾಟವಾದವು. ಕೊಂಡವರು ತಮ್ಮ ಚಿತ್ರವನ್ನೇ ಕೊಂಡೆವು ಎಂದುಕೊಂಡಿರಬೇಕು. ಕೊಂಡದ್ದು ಮುಕ್ಕಾಲು ಪಾಲು ಮೋಡ. ಒಮ್ಮೆ ಹೆಂಡತಿಯ ನಾಡಾದ ಬ್ರಿಟನಿಯಲ್ಲಿ ಬಡ ಬೆಸ್ತರ ನಡುವೆ ಇದ್ದು ತ್ರೂವಿಲ್‌ಗೆ ಮರಳಿದಾಗ, ಈ ಸೋಮಾರಿಗಳ ವೇಷವನ್ನು ಬರೆಯುತ್ತ ಬದುಕುತ್ತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಗೆಳೆಯನಿಗೆ ಕಾಗದ ಬರೆದು ತೋಡಿಕೊಂಡ. ಮರುವರ್ಷ ಸಮಾಧಾನ ಮಾಡಿಕೊಂಡ. ಸಂಜೆ ಬಿಸಿಲಿಗೆ ಬೆಸ್ತನೂ ಒಂದೇ, ಬ್ಯಾಂಕಿನವನೂ ಒಂದೇ ಎಂಬ ನಿಲುವು.

1870ರ ಬೇಸಿಗೆಯಲ್ಲಿ ಆಗಷ್ಟೇ ಮದುವೆಯಾಗಿದ್ದ ಮೋನೆ ಹೆಂಡತಿ ಕಮೀಲಳೊಂದಿಗೆ ತ್ರೂವಿಲ್‌ಗೆ ಬಂದ. ಬೂದಾಂ ದಂಪತಿಯೂ ಅಲ್ಲೇ ಇದ್ದರು. ಆಗ ಮೋನೆ ಬರೆದ ಕಡಲತೀರದ ಒಂದು ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬಣ್ಣದೊಳಗೆ ನಿಜವಾದ ಮರಳಿನ ಕಣಗಳು ಅಂಟಿಕೊಂಡಿವೆ. ಗಾಳಿಗೆ ಹಾರಿ ಬಂದು ಹಸಿ ಬಣ್ಣದ ಮೇಲೆ ಕೂತವು. ಸ್ಥಳದಲ್ಲೇ ಬರೆ ಎಂದ ಗುರುವಿನ ಮಾತಿಗೆ ಶಿಷ್ಯ ಹಾಜರುಪಡಿಸಿದ ಸಾಕ್ಷಿ ಅದು.

ಮುಂದಿನದು ಎಲ್ಲರಿಗೂ ಗೊತ್ತಿರುವ ಚರಿತ್ರೆ, ಬೇಗ ಹೇಳಿಬಿಡುತ್ತೇನೆ. 1874ರ ಏಪ್ರಿಲ್ 15ರಂದು ಪ್ಯಾರಿಸ್ಸಿನಲ್ಲಿ ಫೋಟೋಗ್ರಾಫರ್ ನಾದಾರ್‌ನ ಹಳೆಯ ಸ್ಟುಡಿಯೋದಲ್ಲಿ ಮೋನೆ, ರೆನ್ವಾ, ಪಿಸಾರೋ, ಡೆಗಾ, ಮೋರಿಸೋ ಮೊದಲಾದವರ ಪ್ರದರ್ಶನ. ಮೋನೆ ಇಟ್ಟದ್ದರಲ್ಲಿ ಲೆ ಹಾವ್ರ್ ಬಂದರಿನ ಒಂದು ಮುಂಜಾವು, ‘ಇಂಪ್ರೆಷನ್, ಸೂರ್ಯೋದಯ’. ಲೂಯಿ ಲೆರ್ವಾ ಎಂಬ ಪತ್ರಕರ್ತ ಆ ಹೆಸರನ್ನೇ ಹಿಡಿದು ಗೇಲಿ ಮಾಡಿ ಇಡೀ ಗುಂಪಿಗೆ ಇಂಪ್ರೆಷನಿಸ್ಟರು ಎಂಬ ಬೈಗುಳ ಅಂಟಿಸಿದ. ಬೈಗುಳವೇ ಬಿರುದಾಯಿತು. ಐವತ್ತರ ಹೊಸ್ತಿಲಲ್ಲಿದ್ದ ಬೂದಾಂ ಕೂಡ ಅದೇ ಪ್ರದರ್ಶನದಲ್ಲಿ ತನ್ನ ಕೆಲವು ಚಿತ್ರ ಇಟ್ಟಿದ್ದ. ಆದರೆ ಬೈಗುಳದ ಸಿಂಹಪಾಲು ಶಿಷ್ಯನಿಗೆ ಹೋಯಿತು. ಬೈಸಿಕೊಳ್ಳಲೂ ಯೋಗ ಬೇಕು. ಆ ಗುಂಪಿನ ಮುಂದಿನ ಏಳು ಪ್ರದರ್ಶನಗಳಲ್ಲಿ ಒಂದರಲ್ಲೂ ಬೂದಾಂ ಇಲ್ಲ. ಅವನು ತಣ್ಣಗೆ ಹಳೆಯ ಸಲೋನ್‌ಗೆ ಚಿತ್ರ ಕಳಿಸಿಕೊಂಡಿದ್ದ. ಜಗಳವಾಡದವರನ್ನು ಚರಿತ್ರೆಕಾರರು ಎಲ್ಲಿ ಕೂರಿಸುತ್ತಾರೆ? ‘ಮುನ್ನುಡಿ’ ಎಂಬ ಅಧ್ಯಾಯದಲ್ಲಿ, ಅರ್ಧ ಪುಟ ಕೊಟ್ಟು.

ಇದರಲ್ಲಿ ಒಂದು ತಮಾಷೆಯಿದೆ. ಆ ಸೂರ್ಯೋದಯದ ಚಿತ್ರದ ಮೇಲೆ ಮೋನೆ ಸಹಿಯ ಪಕ್ಕ 72 ಎಂದಷ್ಟೇ ಬರೆದ. ಅದು ಸೂರ್ಯೋದಯವೋ ಸೂರ್ಯಾಸ್ತವೋ, ಯಾವ ದಿನದ್ದು ಎಂದು ಪಂಡಿತರು ಬಹಳ ಕಾಲ ಕಚ್ಚಾಡಿದರು. ಕೊನೆಗೆ ಅಮೆರಿಕದ ಖಗೋಳ ವಿಜ್ಞಾನಿ ಡೊನಾಲ್ಡ್ ಓಲ್ಸನ್ ಸೂರ್ಯನ ಎತ್ತರ, ಬಂದರಿನ ಉಬ್ಬರ, ಹಳೆಯ ಹವಾಮಾನ ವರದಿ, ಚಿಮಣಿಯ ಹೊಗೆ ವಾಲಿದ ದಿಕ್ಕು ಎಲ್ಲವನ್ನೂ ಕೂಡಿ ಕಳೆದು, 1872ರ ನವೆಂಬರ್ 13, ಬೆಳಗ್ಗೆ ಸುಮಾರು 7 ಗಂಟೆ 35 ನಿಮಿಷ ಎಂದು 2014ರಲ್ಲಿ ಲೆಕ್ಕ ಒಪ್ಪಿಸಿದ. ತಾರೀಖು, ಗಂಟೆ, ಗಾಳಿ. ಗುರು ಪ್ರತಿ ಹಾಳೆಯ ಅಂಚಿನಲ್ಲಿ ಅರ್ಧ ನಿಮಿಷದಲ್ಲಿ ಗೀಚುತ್ತಿದ್ದದ್ದೇ ಇದು.

ಮೋನೆ ಅದನ್ನು ಬರೆದಿಡಲಿಲ್ಲ, ಗುರುವಿನ ಋಣವನ್ನು ಬೇರೆ ರೀತಿಯಲ್ಲಿ ತೀರಿಸಿದ. 1890ರಿಂದ ಹೊಲದ ಬಣವೆಗಳನ್ನೇ ಬೆಳಿಗ್ಗೆ, ಮಧ್ಯಾಹ್ನ, ಮಂಜಿನಲ್ಲಿ, ಹಿಮದಲ್ಲಿ ಎಂದು ಇಪ್ಪತ್ತಕ್ಕೂ ಹೆಚ್ಚು ಸಲ ಬರೆದ. ಆಮೇಲೆ ರೂಆಂ ಕೆಥೆಡ್ರಲ್‌ನ ಒಂದೇ ಗೋಡೆಯನ್ನು ಹಾಗೆಯೇ ಗಂಟೆಗೊಂದರಂತೆ. ನನ್ನ ತೀರ್ಮಾನ ಇಷ್ಟೇ: ಇಂಪ್ರೆಷನಿಸಂ ಎಂದು ಜಗತ್ತು ತಲೆಯ ಮೇಲೆ ಹೊತ್ತದ್ದು ಬೂದಾಂನ ಅಂಚಿನ ಟಿಪ್ಪಣಿಯನ್ನೇ. ಅದು ಅಂಚಿನಿಂದ ಚಿತ್ರದ ನಡುಮನೆಗೆ ಬಂತು. ಹೌದು, ಕಣ್ಣಿಗೆ ಸಾಣೆ ಹಿಡಿದವರಲ್ಲಿ ಡಚ್ ಚಿತ್ರಕಾರ ಯೋಂಗ್‌ಕಿಂಡ್ ಕೂಡ ಇದ್ದಾನೆ, ಮೋನೆ ಅವನಿಗೂ ಋಣಿ. ಆದರೆ ಗಂಟೆ ನೋಡಿಕೊಂಡು ಆಕಾಶ ಬರೆಯುವುದನ್ನು ಮೋನೆಗೆ ಮೊದಲು ತೋರಿಸಿದವನು ಅಂಗಡಿ ಮುಚ್ಚಿ ಬಂದ ನಾವಿಕನ ಮಗ.

ಅವನ ಮುಪ್ಪು ಪೂರ್ತಿ ಬರಡಾಗಿರಲಿಲ್ಲ. ಇಂಪ್ರೆಷನಿಸ್ಟರ ವ್ಯಾಪಾರಿ ಡ್ಯುರಾಂ-ರುಯೆಲ್ 1881ರಿಂದ ಅವನ ಚಿತ್ರ ಕೊಳ್ಳತೊಡಗಿದ. 1883ರಲ್ಲಿ ತನ್ನ ಹೊಸ ಗ್ಯಾಲರಿಯನ್ನು ಅವನ ಪ್ರದರ್ಶನದಿಂದಲೇ ತೆರೆದ. 1889ರಲ್ಲಿ ಚಿನ್ನದ ಪದಕ ಬಂತು, ಅದೇ ವರ್ಷ ಹೆಂಡತಿ ತೀರಿಕೊಂಡಳು. 1892ರಲ್ಲಿ ಸರ್ಕಾರದ ಬಿರುದು. ಕೊನೆಗೆ ಕಾಯಿಲೆ ಬಿದ್ದಾಗ, ಕಡಲಿನ ಎದುರು ಇರಬೇಕು ಎಂದು ದೋವಿಲ್‌ಗೆ ಹೋದ. 1898ರ ಆಗಸ್ಟ್ 8ರಂದು ಅಲ್ಲಿ ತೀರಿಕೊಂಡ. ತಮ್ಮ ಲೂಯಿ 1900ರಲ್ಲಿ ಅವನ ಸ್ಟುಡಿಯೋದಲ್ಲಿ ಉಳಿದಿದ್ದ ಇನ್ನೂರಕ್ಕೂ ಹೆಚ್ಚು ಕೃತಿಗಳನ್ನು ಲೆ ಹಾವ್ರ್ ಊರಿನ ಮ್ಯೂಸಿಯಮ್ಮಿಗೆ ಕೊಟ್ಟ. ಹಳೆಯ ಮ್ಯೂಸಿಯಂ ಕಟ್ಟಡ 1944ರ ಬಾಂಬಿಗೆ ಹೋಯಿತು. 1961ರಲ್ಲಿ ತೆರೆದ ಈಗಿನದು ಗಾಜು, ಉಕ್ಕಿನದು, ಕಡಲಿಗೆ ಮುಖ ಮಾಡಿ ನಿಂತಿದೆ.

ಪ್ಯಾರಿಸ್ಸಿಗೆ ಮಗನ ಮನೆಗೋ ಮಗಳ ಮನೆಗೋ ಹೋಗುವವರು ಒಂದು ದಿನ ಇದಕ್ಕೆ ಎತ್ತಿಡಿ. ಮೋನೆಯೇ ಚಿತ್ರ ಬರೆದಿರುವ ಸಾಂ-ಲಜಾರ್ ಸ್ಟೇಷನ್ನಿನಿಂದ ಲೆ ಹಾವ್ರ್‌ಗೆ ರೈಲಿದೆ, ಎರಡು ಗಂಟೆ ಚಿಲ್ಲರೆಯ ದಾರಿ. ಬೂದಾಂನ ಮುಂದೆ ನಿಂತು, ದೂರದಿಂದಲೇ ಅಂಗೈ ಅಡ್ಡ ಹಿಡಿದು ಪಕ್ಕದ ಹೆಸರಿನ ಫಲಕವನ್ನು ಮರೆಮಾಡಿ, ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ಊಹಿಸಿ. ತೀರಾ ಹತ್ತಿರ ಹೋಗಬೇಡಿ, ಕಾವಲಿನವರು ಬೈಯುತ್ತಾರೆ.